ಬೂತಾಯಿ ಒಂದು ವರ್ಷ ರಾಶಿ ರಾಶಿ ಸಿಕ್ಕಿ ಇನ್ನೊಂದು ವರ್ಷ ಕಾಣೆಯಾಗುವುದು ಏಕೆ? ಅದರ ಎಣ್ಣೆಯಂಶವೂ ತಿಂಗಳಿಗೊಂದು ಥರ ಇರುತ್ತದಲ್ಲ?

ನೀವು ಕೇಳಿದ ಎರಡಕ್ಕೂ ಉತ್ತರ ಮಳೆಗಾಲದ ಕಡಲಲ್ಲಿದೆ. ಮಂಗಳೂರು, ಉಡುಪಿಯವರ ಬೂತಾಯಿ, ಕಾರವಾರದ ಕಡೆಯ ತಾರ್ಲಿ, ಕೇರಳದ ಮತ್ತಿ ಎಲ್ಲ ಒಂದೇ ಮೀನು: ಸಾರ್ಡಿನೆಲ್ಲಾ ಲಾಂಜಿಸೆಪ್ಸ್.

ಮುಂಗಾರಿನ ಗಾಳಿಗೆ ಕರಾವಳಿಯ ಮೇಲ್ನೀರು ದಡ ಬಿಟ್ಟು ಆಚೆ ಸರಿಯುತ್ತದೆ. ಆ ಜಾಗಕ್ಕೆ ಕೆಳಗಿನಿಂದ ತಣ್ಣನೆಯ, ನೈಟ್ರೇಟ್ ಮತ್ತು ಫಾಸ್ಫೇಟ್ ತುಂಬಿದ ನೀರು ಏರುತ್ತದೆ. ಕೇರಳದ ದಕ್ಷಿಣದಲ್ಲಿ ಮೊದಲು ಶುರುವಾಗಿ ಆಮೇಲೆ ನಮ್ಮ ಕಡೆ ಬರುತ್ತದೆ. ಈ ಗೊಬ್ಬರಕ್ಕೆ ಡಯಾಟಮ್ ಎಂಬ ಸೂಕ್ಷ್ಮ ಪಾಚಿ ಹುಲುಸಾಗಿ ಬೆಳೆಯುತ್ತದೆ. ಬೂತಾಯಿ ಬದುಕುವುದು ಮುಖ್ಯವಾಗಿ ಅದರ ಮೇಲೆ. ಮೀನಿನ ಕಿವಿರು ಎತ್ತಿ ಒಳಗೆ ನೋಡಿ, ಬಾಚಣಿಗೆಯ ಹಲ್ಲುಗಳಂತೆ ನೂರಾರು ಸಣ್ಣ ಮುಳ್ಳು ಒತ್ತಾಗಿ ನಿಂತಿರುತ್ತವೆ. ಬಾಯಿ ತೆರೆದು ಈಜುವಾಗ ನೀರು ಆಚೆ ಹೋಗಿ ಪಾಚಿ ಒಳಗೆ ಉಳಿಯುವುದು ಇದರಿಂದಲೇ. ಹೊಟ್ಟೆ ಸೀಳಿದಾಗ ಕಾಣುವ ಹಸಿರು ಮಿಶ್ರಿತ ಕಂದು ರಾಡಿ ಅದೇ ಮೇವು.

ಮೊಟ್ಟೆ ಇಡುವುದೂ ಇದೇ ಹೊತ್ತಿಗೆ, ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಒಂದು ಹೆಣ್ಣಿನಲ್ಲಿ ಹತ್ತಾರು ಸಾವಿರ ಮೊಟ್ಟೆ ಇರುತ್ತದೆ. ಅವು ನೀರಿನಲ್ಲಿ ತೇಲುತ್ತಾ ಸುಮಾರು ಒಂದು ದಿನದಲ್ಲಿ ಒಡೆಯುತ್ತವೆ. ಮೊಟ್ಟೆಯಿಂದ ಮರಿಯ ಹೊಟ್ಟೆಗೆ ಅಂಟಿಕೊಂಡೇ ಬರುವ ಹಳದಿ ಚೀಲದ ಆಹಾರ ಕೆಲವೇ ದಿನಕ್ಕೆ ಸಾಕು. ಅಷ್ಟರೊಳಗೆ ಬಾಯಿಗೆ ಹಿಡಿಯುವಷ್ಟು ಸಣ್ಣ ಮೇವು ಸುತ್ತಮುತ್ತ ಸಿಗದಿದ್ದರೆ ಆ ತಂಡವೇ ಸತ್ತಂತೆ. ಗಾಳಿ ದುರ್ಬಲವಾದರೆ ಮೇವಿಲ್ಲ. ಅತಿಯಾದರೆ ಆಮ್ಲಜನಕ ಕಡಿಮೆ ಇರುವ ನೀರು ದಡದವರೆಗೂ ಏರಿ ಮೀನು ಚದುರುತ್ತದೆ.

ಇಷ್ಟಾದರೂ ತಡೆದುಕೊಳ್ಳಬಹುದಿತ್ತು, ಮೀನಿಗೆ ಆಯಸ್ಸು ಇದ್ದಿದ್ದರೆ. ಬೂತಾಯಿ ಬದುಕುವುದು ಸುಮಾರು ಎರಡೂವರೆ ವರ್ಷ. ಒಂದು ವರ್ಷದಲ್ಲಿ 15 ಸೆಂ.ಮೀ. ಆಸುಪಾಸಿಗೆ ಬೆಳೆದು ಮೊಟ್ಟೆ ಇಡಲು ತಯಾರಾಗುತ್ತದೆ. ಹಾಗಾಗಿ ಕಡಲಲ್ಲಿ ಇರುವುದು ಒಂದೆರಡು ವರ್ಷದ ಪೀಳಿಗೆ ಮಾತ್ರ, ಹಳೆಯ ದಾಸ್ತಾನು ಅಂತ ಏನೂ ಇಲ್ಲ. ಒಂದು ಮಳೆಗಾಲ ಕೈಕೊಟ್ಟರೆ ಮರುವರ್ಷವೇ ಬಲೆ ಖಾಲಿ. ಕೇರಳದಲ್ಲಿ 2012ರಲ್ಲಿ ಸುಮಾರು 3.9 ಲಕ್ಷ ಟನ್ ಸಿಕ್ಕಿದ್ದು 2021ರಲ್ಲಿ ಮೂರು ಸಾವಿರ ಚಿಲ್ಲರೆ ಟನ್ನಿಗೆ ಕುಸಿಯಿತು. ಇದು ಹೊಸದಲ್ಲ: 1940ರ ದಶಕದಲ್ಲೂ ಇಂಥದೇ ಕುಸಿತವಾಗಿ, ಆಗಿನ ಮದರಾಸು ಸರ್ಕಾರ 1943ರಲ್ಲಿ ಮರಿ ಹಿಡಿಯುವುದಕ್ಕೆ ನಿರ್ಬಂಧ ಹಾಕಿತ್ತು.

ಇನ್ನು ಎಣ್ಣೆ. ಮೊಟ್ಟೆ ಇಡುವ ಕಾಲದಲ್ಲಿ ಮೈಯ ಕೊಬ್ಬೆಲ್ಲ ಮೊಟ್ಟೆಗೆ ಹೋಗಿ ಮೀನು ಬಡಕಲಾಗುತ್ತದೆ. ಮುಂಗಾರಿನ ಕೊನೆಯಿಂದ ಡಿಸೆಂಬರ್‌ವರೆಗೆ ತಿಂದು ತಿಂದು ಮತ್ತೆ ಕೊಬ್ಬುತ್ತದೆ. ಕರುಳಿನ ಸುತ್ತ ಬಿಳಿ ಕೊಬ್ಬಿನ ಎಳೆ ಕಂಡರೆ ಅದು ಕೊಬ್ಬಿದ ಮೀನು. ಅಂಥದನ್ನು ಹುರಿಯಲು ಕಾವಲಿಗೆ ಎಣ್ಣೆ ಸವರಿದರೆ ಸಾಕು.

ಆದರೆ ಹೊಟ್ಟೆ ತುಂಬ ಮೇವಿರುವ ಮೀನು ಬಲು ಬೇಗ ಕೆಡುತ್ತದೆ. ಸತ್ತ ಮೇಲೆ ಜೀರ್ಣರಸ ಹೊಟ್ಟೆಯ ತೆಳು ಗೋಡೆಯನ್ನೇ ಕರಗಿಸಿ, ಕೆಲವೇ ಗಂಟೆಗಳಲ್ಲಿ ಹೊಟ್ಟೆ ಒಡೆಯುತ್ತದೆ. ಒಂದು ಕೆ.ಜಿ. ಮೀನಿಗೆ ಒಂದು ಕೆ.ಜಿ. ಪುಡಿ ಐಸ್ ಹಾಕಬೇಕು, ಕರಗಿದ ನೀರು ಬಸಿದುಹೋಗಬೇಕು. ಬೆಚ್ಚಗೆ ಬಿಟ್ಟರೆ ಹಿಸ್ಟಮಿನ್ ಎಂಬ ವಿಷಕಾರಿ ವಸ್ತು ಸೇರುತ್ತದೆ, ಅದು ಎಷ್ಟು ಬೇಯಿಸಿದರೂ ಹೋಗುವುದಿಲ್ಲ. ತಿಂದವರಿಗೆ ಮುಖ ಕೆಂಪಾಗಿ ಮೈ ತುರಿಸುತ್ತದೆ. ಫ್ರೀಜರ್‌ನಲ್ಲಿ ತಿಂಗಳುಗಟ್ಟಲೆ ಇಡಬೇಡಿ, ಈ ಎಣ್ಣೆ ಗಾಳಿ ತಾಗಿ ಹಳದಿಗಟ್ಟಿ ಕಮಟು ಬರುತ್ತದೆ.

ಮರಿಗಳ ವಿಷಯದಲ್ಲಿ ನನ್ನ ಅಭಿಪ್ರಾಯ ಖಡಕ್. ಪಶ್ಚಿಮ ಕರಾವಳಿಯ ಯಾಂತ್ರಿಕ ಮೀನುಗಾರಿಕೆ ನಿಷೇಧ ಜೂನ್ 1ರಿಂದ ಜುಲೈ 31ರವರೆಗೆ. ಅದು ಮೊಟ್ಟೆ ಇಡುವ ಮೀನನ್ನು ಸ್ವಲ್ಪ ಕಾಯುತ್ತದೆ, ಆದರೆ ಆ ವರ್ಷದ ಮರಿ ಹಿಂಡುಗಟ್ಟಿ ದಡಕ್ಕೆ ಬರುವುದು ದೋಣಿ ಇಳಿದ ಮೇಲೆ. ಬಲೆಗೆ ಬಿದ್ದ ಮರಿಯನ್ನು ವಾಪಸ್ ಬಿಟ್ಟರೂ ಹೆಚ್ಚಿನವು ಉಳಿಯುವುದಿಲ್ಲ. ಇದರ ಹುರುಪೆ ಸಡಿಲ, ಉಜ್ಜಿ ಉದುರಿದರೆ ಮೀನು ಸಾಯುತ್ತದೆ. ಆದ್ದರಿಂದ ಮರಿಹಿಂಡು ಎಂದು ಗೊತ್ತಾದರೆ ಬಲೆಯನ್ನೇ ಹಾಕಬಾರದು. ಕೇರಳದ ಕಾನೂನಿನ ಕನಿಷ್ಠ ಅಳತೆ 10 ಸೆಂ.ಮೀ. ನನ್ನ ಪ್ರಕಾರ ಅದು ತೀರಾ ಕಡಿಮೆ, ಅಷ್ಟುದ್ದದ ಮೀನು ಒಮ್ಮೆಯೂ ಮೊಟ್ಟೆ ಇಟ್ಟಿರುವುದಿಲ್ಲ. ನೀವು ಕೊಳ್ಳುವಾಗ ಮೂತಿಯಿಂದ ಬಾಲದ ತುದಿಯವರೆಗೆ 15 ಸೆಂ.ಮೀ. ಇರುವುದನ್ನೇ ಆರಿಸಿ.