ಮಡಗಾಂವ್‌ನಲ್ಲಿ ನಮ್ಮ ಮಂಗಳೂರು ಹೆಂಚಿನ ಮಾಡು ಮೊದಲ ಮಳೆಗೇ ಸೋರುತ್ತದೆ. ಎಲ್ಲ ಹೆಂಚೂ ಬದಲಿಸಬೇಕೇ?

ಬೇಡ. ಮೇ ಮುಗಿಯುವುದರೊಳಗೆ, ಒಣಗಿದ ಮಾಡನ್ನು ಪರೀಕ್ಷಿಸಿ. ತಟ್ಟಿದರೆ ಗಟ್ಟಿ ಹೆಂಚು ಠಣ್ ಎನ್ನುತ್ತದೆ, ಸೀಳಿದ್ದು ಒಡಕು ದನಿ ಕೊಡುತ್ತದೆ. ಹನಿ ಬೀಳುವ ಜಾಗದ ನೇರ ಮೇಲೆ ಹುಡುಕಿದರೆ ಸಾಲದು: ನೀರು ಪಕಾಸಿನ (ಮಾಡಿನ ಇಳಿಜಾರಿನ ಮರದ) ಗುಂಟ ಕೆಳಗಿಳಿದು ಬೇರೆಡೆ ತೊಟ್ಟಿಕ್ಕುತ್ತದೆ, ಕಲೆಯಿಂದ ಮೇಲ್ಮುಖವಾಗಿ ಹುಡುಕಿ.

ಒಡೆದ ಹೆಂಚು ತೆಗೆಯಲು ಮೇಲಿನ ಸಾಲಿನದನ್ನು ತುಸು ಎತ್ತಿ ಜಾರಿಸಿ. ಹೊಸದು ಅದೇ ಕಾರ್ಖಾನೆಯ ಅಚ್ಚಿನದೇ ಆಗಿರಲಿ, ಇಲ್ಲವಾದರೆ ಅಂಚಿನ ಗಾಡಿಗಳು (ಒಂದಕ್ಕೊಂದು ಕೂರುವ ತೋಡುಗಳು) ಹೊಂದದೆ ಅಲ್ಲೇ ಸೋರುತ್ತದೆ. ಹೆಂಚಿನ ಅಡಿಯ ಮೂತಿ ರೀಪಿಗೆ (ಹೆಂಚು ಕೂರುವ ಅಡ್ಡ ಮರಪಟ್ಟಿಗೆ) ಸಿಕ್ಕಿಕೊಳ್ಳಲೇಬೇಕು.

ಗಾಡಿಗಳಲ್ಲಿನ ಪಾಚಿ, ಎಲೆ ಕೆರೆದು ತೆಗೆಯಿರಿ. ನೆತ್ತಿಯ ಹೆಂಚಿಗೆ ಬರೀ ಸಿಮೆಂಟ್ ಗಾರೆ ಬಿರಿಯುತ್ತದೆ. 1 ಪಾಲು ಸಿಮೆಂಟ್, 1 ಸುಣ್ಣ, 6 ಮರಳು ಬಳಸಿ. ಹೆಂಚಿನ ಮೇಲೆ ನೇರ ಕಾಲಿಡಬೇಡಿ, ಅಡ್ಡಹಲಗೆ ಹಾಕಿಕೊಳ್ಳಿ.