ಕಾಲು ವಾಸಿಯಾಗಿಬಿಡುತ್ತೆ ಅನ್ನೋ ಭಯ

ನಾನು ಆಪ್ತ ಸಲಹೆಗಾರ್ತಿ. ಗಾಯಗೊಂಡ ಬೀದಿ ನಾಯಿಯನ್ನು ಮನೆಗೆ ತಂದವರು ನನ್ನ ಹತ್ತಿರ ಆಗಾಗ ಬರುತ್ತಾರೆ. ತಂದ ವಾರ ಯಾರೂ ಬರುವುದಿಲ್ಲ, ಆಗ ಪುರುಸೊತ್ತೇ ಇರುವುದಿಲ್ಲ. ಗಾಯ ಮಾಗಿ, ಮಾತ್ರೆ ನಿಂತು, "ಮುಂದೇನು?" ಅಂತ ಮನೆಯವರು ಕೇಳತೊಡಗಿದ ಮೇಲೆ ಬರುತ್ತಾರೆ. ಬಂದರೂ ನಾಯಿ ವಿಷಯ ಮೊದಲು ಎತ್ತುವುದಿಲ್ಲ. ನಿದ್ದೆ ಇಲ್ಲ, ಮನೆಯಲ್ಲಿ ಮಾತುಕತೆ ಇಲ್ಲ ಅಂತ ಶುರುವಾಗುತ್ತೆ. ಅರ್ಧ ಗಂಟೆ ಕಳೆದ ಮೇಲೆ, "ಜನಕ್ಕೆ ಎಂತೆಂಥಾ ಕಷ್ಟ ಇರುತ್ತೆ, ನಾನು ನೋಡಿ, ಒಂದು ನಾಯಿಗೋಸ್ಕರ ಬಂದಿದ್ದೀನಿ" ಅಂತ ನಾಚಿಕೊಂಡು ಹೇಳುತ್ತಾರೆ.

ಸುಮಾ ಕೂಡ ಹಾಗೇ ಬಂದರು. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಸುಮಾ ನಿಜವಾದ ಹೆಸರಲ್ಲ. ನಾಯಿಯ ಹೆಸರನ್ನೂ ಬದಲಿಸಿ ಬೆಲ್ಲ ಅಂತ ಇಟ್ಟಿದ್ದೇನೆ. ಯಾಕಂದ್ರೆ ಇನ್‌ಸ್ಟಾಗ್ರಾಮ್‌ನಲ್ಲಿ ಅವರಿಗಿಂತ ನಾಯಿಯ ಗುರುತು ಹಿಡಿಯುವವರೇ ಜಾಸ್ತಿ.

ಬೆಂಗಳೂರು, ಬಾಡಿಗೆ ಮನೆ, ಎರಡನೇ ಮಹಡಿ, ಲಿಫ್ಟ್ ಇಲ್ಲ. ಗಂಡ, ಹೆಂಡತಿ, ಇನ್ನೂ ಶಾಲೆಗೆ ಸೇರದ ಮಗಳು. ಮನೆ ಮುಂದಿನ ತಿರುವಿನಲ್ಲಿ ಕಾರೊಂದು ಗುದ್ದಿ ಹೋಗಿದ್ದ ನಾಯಿಗೆ ಹಿಂಗಾಲಿನ ತೊಡೆ ಮೂಳೆ ಮುರಿದಿತ್ತು. ಪ್ಲೇಟು, ಸ್ಕ್ರೂ ಹಾಕಿ ಆಪರೇಷನ್ ಆಯಿತು. ಅದಕ್ಕೆ ಗುರುತು ಪರಿಚಯ ಇಲ್ಲದವರೆಲ್ಲ ಇನ್ನೂರು, ಐನೂರು ಕಳಿಸಿದರು. "ಕಾಲು ವಾಸಿಯಾಗೋವರೆಗೆ ಇರಲಿ" ಅಂತ ಗಂಡ ಒಪ್ಪಿದ್ದರು. ಮನೆ ಓನರ್‌ಗೂ ಅದನ್ನೇ ಹೇಳಿದ್ದರು. ಗಂಡ ಕೆಟ್ಟವರಲ್ಲ. ಡ್ರೆಸ್ಸಿಂಗ್ ಮಾಡುವಾಗ ನಾಯಿಯ ತಲೆ ಹಿಡಿದು ಕೂರುತ್ತಿದ್ದವರು ಅವರೇ.

ಆರೆಂಟು ವಾರ ಚಿಕ್ಕ ಜಾಗದಲ್ಲಿ ಕಟ್ಟುನಿಟ್ಟಿನ ವಿಶ್ರಾಂತಿ ಮುಗಿಯಿತು. ಎಕ್ಸ್‌ರೇಯಲ್ಲಿ ಮೂಳೆ ಕೂಡಿಕೊಂಡಿದ್ದು ಕಾಣಿಸಿತು. ತಾಪತ್ರಯ ಶುರುವಾಗಿದ್ದು ಅಲ್ಲಿಂದಲೇ. ದತ್ತು ತೆಗೆದುಕೊಳ್ಳುತ್ತೀವಿ ಅಂತ ಯಾರು ಫೋನ್ ಮಾಡಿದರೂ ಸುಮಾಗೆ ಒಂದಲ್ಲ ಒಂದು ಕುಂದು ಕಾಣುತ್ತಿತ್ತು. ತೋಟದ ಮನೆಯವರು ಚೈನ್ ಹಾಕಿ ಕಾವಲಿಗೆ ಇಡುತ್ತಾರೆ ಅಂದರು. ಅದು ನಿಜ, ನಾನೂ ಬೇಡ ಅನ್ನುತ್ತಿದ್ದೆ. ಇನ್ನೊಬ್ಬರು ಇಬ್ಬರೂ ಆಫೀಸಿಗೆ ಹೋಗುವವರು. ಮತ್ತೊಬ್ಬರದ್ದು "ಮಾತಾಡೋ ರೀತಿ ಸರಿ ಇಲ್ಲ".

ಅದು 2025ರ ಆಗಸ್ಟ್. ದೆಹಲಿ ಸುತ್ತಮುತ್ತಲಿನ ಬೀದಿ ನಾಯಿಗಳನ್ನೆಲ್ಲ ಹಿಡಿದು ಶೆಲ್ಟರ್‌ಗೆ ಹಾಕಿ ಅಂತ ಸುಪ್ರೀಂ ಕೋರ್ಟ್ 11ನೇ ತಾರೀಖು ಹೇಳಿತ್ತು. 22ಕ್ಕೆ ಆ ಆದೇಶ ಬದಲಾಯಿತು. ರೇಬೀಸ್ ಇದ್ದವನ್ನೂ ಆಕ್ರಮಣಕಾರಿ ಆದವನ್ನೂ ಹೊರತುಪಡಿಸಿ ಉಳಿದವನ್ನು ಸಂತಾನಹರಣ ಮಾಡಿಸಿ, ಲಸಿಕೆ ಹಾಕಿಸಿ ವಾಪಸ್ ಬಿಡಬೇಕು ಅಂತ. ಆ ಹನ್ನೊಂದು ದಿನ ಈ ಮನೆಯಲ್ಲಿ ಟಿವಿ ಹಾಕಿದರೆ ಜಗಳ.

ಈಗ ಆ ಒಂದು ಭೇಟಿಗೆ ಬರುತ್ತೇನೆ.

ದಿನಚರಿ ಕೇಳುತ್ತಿದ್ದೆ. ಬೆಲ್ಲನನ್ನು ಕೆಳಗೆ ಹೇಗೆ ಕರೆದುಕೊಂಡು ಹೋಗುತ್ತೀರಿ ಅಂದೆ. ಸುಮಾ ಕುರ್ಚಿಯಿಂದ ಎದ್ದು ಮಾಡಿ ತೋರಿಸಿದರು. ಒಂದು ಕೈ ಎದೆಯ ಕೆಳಗೆ, ಇನ್ನೊಂದು ಹಿಂದೊಡೆಗಳ ಹಿಂದೆ, ಬೆನ್ನು ಬಗ್ಗದ ಹಾಗೆ ಮೊಣಕಾಲಿನ ಮೇಲೆ ಭಾರ. ಹದಿನೆಂಟು ಕೆಜಿ ನಾಯಿ. ಅಭ್ಯಾಸದ ಕೈ ಅಂತ ನೋಡಿದ ಕೂಡಲೇ ಗೊತ್ತಾಗುತ್ತಿತ್ತು.

"ಕೆಳಗೆ ಇಳಿದ ಮೇಲೆ?"

"ಗೇಟಿನ ಹತ್ತಿರ ಇಳಿಸ್ತೀನಿ. ಮುಗಿದ ತಕ್ಷಣ ಮತ್ತೆ ಎತ್ಕೋತೀನಿ."

"ಡಾಕ್ಟರು ಇನ್ನೂ ಎತ್ತಿಕೊಂಡೇ ಓಡಾಡಿಸಿ ಅಂದಿದ್ದಾರಾ?"

ಉತ್ತರ ಬರಲಿಲ್ಲ. ಬ್ಯಾಗಿನಲ್ಲಿ ನಾಯಿಯ ಫೈಲ್ ಇತ್ತು, ತೆಗೆದು ಟೇಬಲ್ ಮೇಲಿಟ್ಟರು. ಎಕ್ಸ್‌ರೇ ಕವರ್ ಮೇಲೆ ಅವರದ್ದೇ ಅಕ್ಷರ: ಮೂಳೆ ಕೂಡಿದೆ, ಇನ್ನು ಕಾಲಿಗೆ ಕೆಲಸ ಕೊಡಬೇಕು, ಬೆಲ್ಟ್ ಹಾಕಿ ಸಮತಟ್ಟು ಜಾಗದಲ್ಲಿ ನಿಧಾನ ಐದೈದು ನಿಮಿಷ, ದಿನಕ್ಕೆ ಮೂರ್ನಾಲ್ಕು ಸಲ, ಮೆಲ್ಲಗೆ ಜಾಸ್ತಿ ಮಾಡುವುದು. ನಡೆಸದಿದ್ದರೆ ತೊಡೆಯ ಮಾಂಸಖಂಡ ಸೊರಗಿ ಮಂಡಿ ಬಿಗಿಯುತ್ತೆ ಅನ್ನುವ ಸಾಲಿನ ಕೆಳಗೆ ಗೆರೆ ಬೇರೆ ಎಳೆದಿದ್ದರು. ಅದನ್ನೆಲ್ಲ ಬರೆದುಕೊಂಡು ಮೂರು ವಾರ ಆಗಿತ್ತು.

ಯಾಕೆ ನಡೆಸಲಿಲ್ಲ ಅಂತ ನಾನು ಕೇಳಲಿಲ್ಲ. ಯಾಕೆ ಅಂತ ಕೇಳಿದರೆ ಜನ ಕಾರಣ ಹುಡುಕಿ ಕೊಡುತ್ತಾರೆ. "ಬೆಲ್ಲ ನೆಟ್ಟಗೆ ನಡೆದ ದಿನ ನಿಮ್ಮ ಮನೆಯಲ್ಲಿ ಏನಾಗುತ್ತೆ?" ಅಂದೆ.

"ಅವನ ಕಾಲು ವಾಸಿಯಾಗಿಬಿಡುತ್ತೆ ಅಂತ ಭಯ ಆಗುತ್ತೆ ಮೇಡಂ."

ಹೇಳಿದ ಮರುಕ್ಷಣ ನನ್ನ ಮೇಲೇ ರೇಗಿದರು. "ನೋಡಿ, ನನ್ನ ಬಾಯಲ್ಲಿ ಏನೇನೋ ಹೇಳಿಸ್ತಿದ್ದೀರಿ. ಅವನಿಗೆ ಕೆಟ್ಟದ್ದು ಬಯಸ್ತೀನಾ ನಾನು?" ಆಮೇಲೆ ತಾವೇ ಮುಂದುವರಿಸಿದರು. "ಕುಂಟುತ್ತಾ ಇರೋವರೆಗೂ ಯಾರೂ ಏನೂ ಕೇಳಲ್ಲ. ಓನರ್ ಕೇಳಲ್ಲ, ಇವರೂ ಕೇಳಲ್ಲ. ನೆಟ್ಟಗೆ ನಿಂತ ದಿನ ಎಲ್ಲರೂ ಯಾವಾಗ ಯಾವಾಗ ಅಂತಾರೆ. ಕೊಟ್ಟುಬಿಟ್ರೆ ದುಡ್ಡು ಹಾಕಿದವರು, ಸಾಕಕ್ಕಾಗದೇ ಇದ್ರೆ ಯಾಕೆ ತಂದೆ ಅಂತಾರೆ."

ಇದನ್ನು ಕ್ರೌರ್ಯ ಅಂತ ನಾನು ಕರೆಯುವುದಿಲ್ಲ. ವರ್ಷಗಟ್ಟಲೆ ಕಾಯಿಲೆಯವರ ಸೇವೆ ಮಾಡಿದವರಲ್ಲೂ ಈ ಭಯ ಕಂಡಿದ್ದೇನೆ. ಆದರೆ ಸುಮ್ನೆ ತಲೆ ಆಡಿಸಿ ಕೂರುವ ವಿಷಯವೂ ಅಲ್ಲ. ದೊಡ್ಡವರಿಬ್ಬರು ಮಾಡಿಕೊಂಡ ಒಪ್ಪಂದ, ಅದರ ಬೆಲೆ ತೆರುತ್ತಿರುವುದು ನಾಯಿಯ ತೊಡೆ. ಹಾಗಂತಲೇ ಹೇಳಿದೆ. ಸಲಹೆಗಾರರು ದಾರಿ ತೋರಿಸಬಾರದು, ಬಂದವರೇ ಕಂಡುಕೊಳ್ಳಬೇಕು ಅಂತ ನಮಗೆ ಕಲಿಸುತ್ತಾರೆ. ಬಹುಪಾಲು ನಾನೂ ಅದನ್ನೇ ಪಾಲಿಸುತ್ತೇನೆ. ಮೂಕಪ್ರಾಣಿಯೊಂದು ಮಧ್ಯದಲ್ಲಿ ಸಿಕ್ಕಿಕೊಂಡಿರುವಾಗ, ಪುಟ್ಟ ಮಗು ಇರುವಾಗ, ಪಾಲಿಸುವುದಿಲ್ಲ.

ನಾಳೆ ಬೆಳಿಗ್ಗೆಯಿಂದ ನಡೆಸಿ ಅಂದೆ. ಕೊಡುವುದು ಬಿಡುವುದು ಆಮೇಲೆ. ವಾಸಿಯಾಗಿದೆಯೋ ಇಲ್ಲವೋ ಅಂತ ಹೇಳುವುದು ಡಾಕ್ಟರ ಕೆಲಸ, ನಿಮ್ಮದೂ ಅಲ್ಲ ನಿಮ್ಮ ಯಜಮಾನರದ್ದೂ ಅಲ್ಲ.

ಮುಂದಿನ ಸಲ ಗಂಡನೂ ಬಂದರು. ಇಟ್ಟುಕೊಳ್ಳುವ ದಾರಿಯನ್ನೂ ನೋಡಿದೆವು. ಅವರು ಆಗಲ್ಲ ಅಂದರು, ಸ್ಪಷ್ಟವಾಗಿ. ಮಗಳು ಒಮ್ಮೆ ಆ ಕಾಲಿನ ಮೇಲೆ ಬಿದ್ದಾಗ ನಾಯಿ ಹಲ್ಲು ತಾಗಿಸಿತ್ತು. ಗಾಯ ಆಗಲಿಲ್ಲ. ಸುಮಾ ಅದನ್ನು ನನಗೆ ಹೇಳಿರಲಿಲ್ಲ, ಗಂಡ ಹೇಳಿದರು. ಮೊದಲಿದ್ದ ಜಾಗಕ್ಕೇ ವಾಪಸ್ ಬಿಡೋಣ, ಕಾನೂನೂ ಹಾಗೇ ಹೇಳುತ್ತೆ ಅನ್ನುವುದು ಅವರ ವಾದ. 2023ರ ಎಬಿಸಿ (ಪ್ರಾಣಿಗಳ ಸಂತಾನ ನಿಯಂತ್ರಣ) ನಿಯಮ ಹಾಗೆ ಹೇಳುವುದು ನಿಜ, ಸಂತಾನಹರಣಕ್ಕೆ ಹಿಡಿದ ನಾಯಿಯನ್ನು ಹಿಡಿದ ಜಾಗದಲ್ಲೇ ಬಿಡಬೇಕು ಅಂತ. ಓಡಿ ತಪ್ಪಿಸಿಕೊಳ್ಳಲಾರದ ನಾಯಿಯನ್ನು ಅದೇ ತಿರುವಿನಲ್ಲಿ ಬಿಡಲು ಅದನ್ನು ನೆಪ ಮಾಡಿಕೊಳ್ಳಬೇಡಿ ಅಂದೆ.

ಬೇರೆ ಮನೆ ನೋಡಿ ಕೊಡಿ ಅಂತಲೇ ನನ್ನ ಸಲಹೆ. ಇದಕ್ಕೆ ಪ್ರಾಣಿಪ್ರಿಯ ಗೆಳೆಯರಿಂದ ಬೈಸಿಕೊಂಡಿದ್ದೇನೆ. ತಂದ ಮೇಲೆ ಕೊನೆವರೆಗೂ ಸಾಕಬೇಕು ಅನ್ನುತ್ತಾರೆ. ಅಂಗಡಿಯಿಂದ ದುಡ್ಡು ಕೊಟ್ಟು ಮರಿ ತಂದವರಿಗೆ ಆ ಮಾತು ಸರಿ, ನಾನೂ ಹೇಳುತ್ತೇನೆ. ರಸ್ತೆಯಲ್ಲಿ ಬಿದ್ದದ್ದನ್ನು ಎತ್ತಿ ಉಳಿಸಿದವರಿಗೂ ಅದೇ ಮಾತಾದರೆ, ನಾಳೆ ಎತ್ತುವವರು ಯಾರು? ಪ್ಲೇಟ್ ಹಾಕಿದ ಕಾಲಿಗೆ ದಿನಾ ಎರಡು ಮಹಡಿ ಮೆಟ್ಟಿಲು, ಬೇಡ ಅನ್ನುವ ಒಬ್ಬ ದೊಡ್ಡವರು, ಓನರ್‌ನ ಭಯ. ಸುಮಾ ಎಷ್ಟೇ ಪ್ರೀತಿ ಮಾಡಿದರೂ ಮೆಟ್ಟಿಲು ಕಡಿಮೆಯಾಗುವುದಿಲ್ಲ.

ಕೊಡುವ ರೀತಿ ಬಗ್ಗೆ ಮಾತ್ರ ತುಂಬಾ ಹಟ ಮಾಡಿದೆ. ನೆಲಮಹಡಿ ಮನೆಯೇ ಆಗಬೇಕು. ಮನೆಮಂದಿಯೆಲ್ಲ ಬಂದು ನೋಡಬೇಕು. ಎಕ್ಸ್‌ರೇ, ಆಪರೇಷನ್ ಚೀಟಿ, ಲಸಿಕೆ ಕಾರ್ಡು ಎಲ್ಲ ಕೈಗೆ ಕೊಡಬೇಕು. ಹಲ್ಲು ತಾಗಿಸಿದ್ದನ್ನು ಹೇಳಲೇಬೇಕು. ಸುಮಾ ಇದಕ್ಕೆ ಬಹಳ ಒದ್ದಾಡಿದರು, ಹೇಳಿದರೆ ಯಾರು ತಗೋತಾರೆ ಅಂತ. ಮುಚ್ಚಿಟ್ಟು ಕೊಟ್ಟ ನಾಯಿ ವಾಪಸ್ ಬರುತ್ತೆ, ಇಲ್ಲವೇ ಬೀದಿಗೆ ಹೋಗುತ್ತೆ ಅಂದೆ. ವಯಸ್ಸಾದ ಮೇಲೆ ಆ ಕಾಲಲ್ಲಿ ಸಂಧಿ ನೋವು ಬರಬಹುದು ಅನ್ನುವುದನ್ನೂ ಸೇರಿಸಿ. ಒಂದು ತಿಂಗಳು ಪ್ರಯೋಗಕ್ಕೆ. ಹೊಂದದಿದ್ದರೆ ಸುಮಾಗೇ ವಾಪಸ್, ಮೂರನೆಯವರಿಗೆ ದಾಟಿಸುವಂತಿಲ್ಲ, ಇದು ಬರವಣಿಗೆಯಲ್ಲಿ. ಜೊತೆಗೆ ಅದೇ ಊಟ, ಒಗೆಯದ ಹಳೇ ಬೆಡ್‌ಶೀಟು.

ಮೊದಲ ಮೂರು ವಾರ ನೋಡಲು ಹೋಗಬೇಡಿ ಅಂದಿದ್ದಕ್ಕೆ ಅತ್ತರು. ಮೂರು ದಿನ, ಮೂರು ವಾರ, ಮೂರು ತಿಂಗಳು ಅಂತ ನಾಯಿ ಉಳಿಸುವವರ ಒಂದು ಲೆಕ್ಕ ಇದೆ. ದಿಗಿಲು ಇಳಿಯಲು, ದಿನಚರಿ ಹಿಡಿಯಲು, ಇದು ನನ್ನ ಮನೆ ಅನ್ನಿಸಲು. ಅಂದಾಜಿನ ಲೆಕ್ಕ ಅಷ್ಟೇ, ಆದರೂ ಹೊಸಬರು ಮೊದಲ ವಾರವೇ ಕೈಚೆಲ್ಲದ ಹಾಗೆ ಕಾಪಾಡುತ್ತೆ. ಮನೆ ತಪಾಸಣೆ ಬೇಕೇ ಬೇಕು, ಅದನ್ನು ನಾಯಿ ಉಳಿಸುವವರ ಗುಂಪಿನ ಬೇರೆಯವರು ಮಾಡಲಿ.

ದುಡ್ಡು ಹಾಕಿದವರಿಗೆ ಬಿಲ್ಲು ಸಮೇತ ಒಂದು ಪೋಸ್ಟ್, ಕಾಮೆಂಟ್ ಬಂದ್. ಅವರು ದುಡ್ಡು ಕೊಟ್ಟಿದ್ದು ಕಾಲಿಗೆ, ಕಾಲು ನಡೀತಾ ಇದೆ. ಅವರಿಗೆ ಲೆಕ್ಕ ಕೊಡಬೇಕು, ಸಮಜಾಯಿಷಿ ಕೊಡಬೇಕಾಗಿಲ್ಲ.

ಬೆಲ್ಲ ಈಗ ತುಮಕೂರು ರಸ್ತೆ ಕಡೆ ನಿವೃತ್ತ ದಂಪತಿಯ ಮನೆಯಲ್ಲಿದೆ. ಓಡುವಾಗ ಸ್ವಲ್ಪ ಕುಂಟುತ್ತೆ. ಕೊಟ್ಟ ಮೇಲೆ ಸುಮಾ ಊಟ ಬಿಟ್ಟರು. ಟೈಲ್ಸ್ ಮೇಲೆ ಉಗುರಿನ ಸದ್ದು ಕೇಳಿಸುತ್ತೆ ಅನ್ನುತ್ತಿದ್ದರು. ಸತ್ತಿದ್ದರೆ ಜನ ಸಮಾಧಾನ ಹೇಳುತ್ತಿದ್ದರು. ಕೊಟ್ಟವರಿಗೆ "ಚೆನ್ನಾಗೇ ಇದೆಯಲ್ಲ, ಇನ್ನೇನು" ಅಂತಾರೆ. ಆ ದುಃಖಕ್ಕೂ ಸಮಯ ಕೊಡಬೇಕಾಯಿತು.

ಮೊನ್ನೆ ಇಬ್ಬರೂ ಬಂದಿದ್ದರು. ಗುಂಪಿನಿಂದ ಇನ್ನೊಂದು ಮರಿ ಇಟ್ಟುಕೊಳ್ಳುತ್ತೀರಾ ಅಂತ ಕೇಳಿದ್ದಾರಂತೆ. ಈ ಸಲ ವಾಸಿಯಾಗೋವರೆಗೆ ಅನ್ನಬೇಡಿ, ತಾರೀಖು ಹಾಕಿಕೊಳ್ಳಿ ಅಂದೆ.

"ಆ ತಾರೀಖಿಗೂ ಯಾರೂ ತಗೊಳ್ಳಲಿಲ್ಲ ಅಂದ್ರೆ?" ಅಂತ ಗಂಡ ಕೇಳಿದರು.

ಅದನ್ನು ಮರಿ ಬರುವ ಮುಂಚೆ ನೀವಿಬ್ಬರೂ ಕೂತು ತೀರ್ಮಾನ ಮಾಡಿ, ಆಮೇಲೆ ಗುಂಪಿಗೆ ಹೂಂ ಅನ್ನಿ ಅಂತ ಹೇಳಿ ಕಳಿಸಿದ್ದೇನೆ. ಇನ್ನೂ ಹೂಂ ಅಂದಿಲ್ಲ.