ಗುರುವಿನ ದಾರಿಯಲ್ಲೇ ಓಡಾಡುವ ಕಲ್ಲುಗಳು

ಪ್ರಶ್ನೆ: ಗುರುಗ್ರಹ ಸುತ್ತುವ ದಾರಿಯಲ್ಲೇ ಸಾವಿರಾರು ಕ್ಷುದ್ರಗ್ರಹಗಳೂ ಸುತ್ತುತ್ತಿವೆ ಅಂತ ಓದಿದೆ. ಅಷ್ಟು ದೊಡ್ಡ ಗ್ರಹ ಅವನ್ನು ಎಳೆದುಕೊಂಡು ನುಂಗಿಬಿಡುವುದಿಲ್ಲವೇ?

ಉತ್ತರ: ದಾರಿ ಒಂದೇ ಆದರೂ ಅಕ್ಕಪಕ್ಕದಲ್ಲಿ ಇಲ್ಲವಲ್ಲ! ಟ್ರೋಜನ್ ಅಂತ ಕರೆಯುವ ಈ ಕಲ್ಲುಗಳಲ್ಲಿ ಒಂದು ಗುಂಪು ಗುರುವಿಗಿಂತ ಸುಮಾರು 60 ಡಿಗ್ರಿ ಮುಂದಿದೆ, ಇನ್ನೊಂದು ಅಷ್ಟೇ ಹಿಂದಿದೆ. ಸೂರ್ಯ, ಗುರು ಮತ್ತು ಒಂದು ಗುಂಪನ್ನು ಗೆರೆ ಎಳೆದು ಸೇರಿಸಿ ನೋಡಿ, ಮೂರೂ ಬದಿ ಸಮ ಇರುವ ತ್ರಿಕೋನ ಬರುತ್ತದೆ. ಅಂದರೆ ಗುರುವಿನಿಂದ ಸೂರ್ಯ ಎಷ್ಟು ದೂರವೋ ಇವೂ ಅಷ್ಟೇ ದೂರ, ಹತ್ತಿರ ಹತ್ತಿರ 78 ಕೋಟಿ ಕಿಲೋಮೀಟರ್. ಗುರುಬಲ ಇದೆ, ಕೈಗೆ ಸಿಗುವಷ್ಟು ಹತ್ತಿರ ಮಾತ್ರ ಇಲ್ಲ.

ಸರಿ, ಮುಂದಿನ ಗುಂಪಿನ ಒಂದು ಕಲ್ಲು ಸ್ವಲ್ಪ ಹಿಂದೆ ಬಿದ್ದು ಗುರುವಿನ ಕಡೆ ಬಂತು ಅಂತಿಟ್ಟುಕೊಳ್ಳಿ. ಗುರು ಅದನ್ನು ಇನ್ನೂ ಹಿಂದಕ್ಕೆ ಎಳೆಯುತ್ತದೆ. ಹಾಗಾದರೆ ಕಥೆ ಮುಗೀತು ಅಂತ ಅನ್ನಿಸುತ್ತದೆ, ಅಲ್ವಾ? ಆಗುವುದು ಉಲ್ಟಾ. ಹಿಂದಕ್ಕೆ ಎಳೆಸಿಕೊಂಡ ಕಲ್ಲು ಸೂರ್ಯನ ಕಡೆಗೆ ಕೊಂಚ ಇಳಿಯುತ್ತದೆ, ಸೂರ್ಯನಿಗೆ ಹತ್ತಿರವಾದಷ್ಟೂ ಸುತ್ತು ಚಿಕ್ಕದು, ವೇಗ ಜಾಸ್ತಿ, ಹಾಗಾಗಿ ಅದು ಮತ್ತೆ ಮುಂದಕ್ಕೆ ಓಡಿಹೋಗುತ್ತದೆ! ತೀರಾ ಮುಂದೆ ಹೋದರೆ ಸುತ್ತು ದೊಡ್ಡದಾಗಿ, ವೇಗ ತಗ್ಗಿ, ನಿಧಾನಕ್ಕೆ ಹಿಂದೆ ಬರುತ್ತದೆ. ಹೀಗೆ ಒಂದು ಸಲ ಹೋಗಿ ಬರುವುದಕ್ಕೆ ಸುಮಾರು 150 ವರ್ಷ ಬೇಕು. ಬಟ್ಟಲಿನೊಳಗೆ ಗೋಲಿ ಉರುಳಿದ ಹಾಗೆ ಅಂತ ಕೆಲವರು ಹೇಳುತ್ತಾರೆ. ನನಗೆ ಆ ಹೋಲಿಕೆ ಒಗ್ಗುವುದಿಲ್ಲ, ಅಲ್ಲಿ ಬಟ್ಟಲೂ ಇಲ್ಲ, ತಳವೂ ಇಲ್ಲ, ಇರುವುದು ಬರೀ ಓಟ.

ಇಂಥ ತ್ರಿಕೋನದ ಜಾಗಗಳನ್ನು ಗಣಿತಜ್ಞ ಲಗ್ರಾಂಜ್ 1772ರಲ್ಲೇ ಲೆಕ್ಕ ಹಾಕಿದ್ದರು. ಮೊದಲ ಕಲ್ಲು ಸಿಕ್ಕಿದ್ದು 1906ರ ಫೆಬ್ರವರಿಯಲ್ಲಿ, ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿ, ಖಗೋಳಜ್ಞ ಮ್ಯಾಕ್ಸ್ ವುಲ್ಫ್ ಅವರಿಗೆ. ಅವರು ಆಕಾಶದ ಫೋಟೋಗಳಲ್ಲಿ ಹುಡುಕುತ್ತಿದ್ದರು. ಕ್ಯಾಮೆರಾವನ್ನು ನಕ್ಷತ್ರಗಳ ಜೊತೆಜೊತೆಗೇ ತಿರುಗಿಸುತ್ತಾ ತುಂಬಾ ಹೊತ್ತು ತೆರೆದಿಟ್ಟರೆ ನಕ್ಷತ್ರಗಳು ಚುಕ್ಕೆಯಾಗಿ, ಕ್ಷುದ್ರಗ್ರಹ ಪುಟ್ಟ ಗೀರಾಗಿ ಮೂಡುತ್ತದೆ. ದೂರ ಇದ್ದಷ್ಟೂ ಗೀರು ಗಿಡ್ಡ. ಆ ಕಲ್ಲಿಗೆ ಅಕಿಲೀಸ್ ಅಂತ ಹೆಸರಿಟ್ಟರು. ಈಗ ಗೊತ್ತಿರುವ ಟ್ರೋಜನ್‌ಗಳು ಹತ್ತು ಸಾವಿರಕ್ಕೂ ಜಾಸ್ತಿ.

ಪ್ರಶ್ನೆ: ಇವಕ್ಕೆ ಗ್ರೀಕ್ ಯುದ್ಧದ ಹೆಸರುಗಳೇಕೆ?

ಉತ್ತರ: ಅಕಿಲೀಸ್ ಅಂತ ಶುರುವಾಯಿತಲ್ಲ, ಅಲ್ಲಿಂದ ಗ್ರೀಕ್ ಪುರಾಣದಲ್ಲಿ ಗ್ರೀಕರಿಗೂ ಟ್ರಾಯ್ ನಗರದವರಿಗೂ ನಡೆದ ಯುದ್ಧದ ವೀರರ ಹೆಸರನ್ನೇ ಇಡುತ್ತಾ ಹೋದರು. ಮುಂದಿನ ಗುಂಪು ಗ್ರೀಕರ ಪಾಳೆಯ, ಹಿಂದಿನದು ಟ್ರಾಯ್‌ನವರದು. ಆದರೆ ಈ ನಿಯಮ ಬರುವ ಮೊದಲೇ ಎರಡು ಹೆಸರು ಅದಲುಬದಲಾಗಿ ಕೂತಿದ್ದವು. ಟ್ರಾಯ್‌ನ ಹೆಕ್ಟರ್ ಗ್ರೀಕರ ಗುಂಪಿನಲ್ಲಿ, ಗ್ರೀಕ್ ಪೆಟ್ರೋಕ್ಲಸ್ ಟ್ರಾಯ್ ಗುಂಪಿನಲ್ಲಿ. ಇಬ್ಬರೂ ಗೂಢಚಾರರು ಅಂತ ತಮಾಷೆ ಮಾಡುವುದುಂಟು. ನಾಸಾ 2021ರಲ್ಲಿ ಹಾರಿಸಿದ ಲೂಸಿ ನೌಕೆ 2027ರ ಆಗಸ್ಟ್‌ನಲ್ಲಿ ಗ್ರೀಕರ ಗುಂಪಿನ ಯೂರಿಬೇಟಿಸ್ ಬಳಿ ಹಾಯಬೇಕು, 2033ರಲ್ಲಿ ಪೆಟ್ರೋಕ್ಲಸ್ ಬಳಿ.

ಪ್ರಶ್ನೆ: ನಮ್ಮ ಆದಿತ್ಯ ಎಲ್1 ಇರುವುದೂ ಇಂಥದ್ದೇ ಜಾಗದಲ್ಲಾ?

ಉತ್ತರ: ಅದೇ ಲಗ್ರಾಂಜ್ ಲೆಕ್ಕ, ಬೇರೆ ಬಿಂದು. ಇಸ್ರೋ 2024ರ ಜನವರಿ 6ರಂದು ಅದನ್ನು ನಿಲ್ಲಿಸಿದ್ದು ಭೂಮಿಯಿಂದ ಸೂರ್ಯನ ಕಡೆಗೆ 15 ಲಕ್ಷ ಕಿಲೋಮೀಟರ್ ದೂರದ ಎಲ್1 ಬಿಂದುವಿನ ಸುತ್ತ. ಅಲ್ಲಿ ಸುಮ್ನೆ ಬಿಟ್ಟರೆ ನೌಕೆ ಜಾರಿಹೋಗುತ್ತದೆ, ಆಗಾಗ ಇಂಧನ ಉರಿಸಿ ಸರಿ ಮಾಡುತ್ತಿರಬೇಕು. ಟ್ರೋಜನ್‌ಗಳಿರುವುದು ಸೂರ್ಯ-ಗುರು ಲೆಕ್ಕದ ತ್ರಿಕೋನದ ತುದಿಗಳಾದ ಎಲ್4 (ಮುಂದಿನದು) ಮತ್ತು ಎಲ್5ರ (ಹಿಂದಿನದು) ಸುತ್ತ, ಅಲ್ಲಿ ಆ ಖರ್ಚಿಲ್ಲ.

ಪ್ರಶ್ನೆ: ಗುರುವಿನ ದಾರಿಯಲ್ಲಿ ಎದುರಿನಿಂದ ಬರುವ ಕಲ್ಲೂ ಇದೆಯಂತೆ, ನಿಜವೇ?

ಉತ್ತರ: ನಿಜ. 2015 ಬಿಝಡ್509 ಅಂತ ಮೊದಲು ಗುರುತಿಸಿದ ಕಲ್ಲು ರಾಂಗ್ ಸೈಡಿನಲ್ಲೇ ಬರುತ್ತದೆ. ಒಂದು ಸುತ್ತಿನಲ್ಲಿ ಗುರುವನ್ನು ಎರಡು ಸಲ ದಾಟುತ್ತದೆ, ಒಮ್ಮೆ ಒಳಗಿನಿಂದ, ಒಮ್ಮೆ ಹೊರಗಿನಿಂದ. ಒಂದು ಸಲ ಗುರು ಎಳೆದದ್ದು ಇನ್ನೊಂದು ಸಲಕ್ಕೆ ವಜಾ ಆಗಿಬಿಡುತ್ತದೆ.